ಟ್ಯಾಂಕ್ ನೋಡೋದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಟ್ಯಾಂಕ್ ಕಂಡ ತಕ್ಷಣ ಬಹಳಷ್ಟು ಜನ ಮಾಡೋದು ಒಂದೇ ಕೆಲಸ. ನಳಿಗೆ ಕೆಳಗೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ, ಬೋರ್ಡಿನ ಮೇಲಿನ ಹೆಸರು ಓದುತ್ತಾರೆ, ಮುಂದಿನದಕ್ಕೆ ನಡೆಯುತ್ತಾರೆ. ಹೀಗೆ ನೋಡಿದರೆ ಇಡೀ ಮ್ಯೂಸಿಯಂ ಒಂದು ತಾಸಿನಲ್ಲಿ ಮುಗಿಯುತ್ತದೆ. ಮನೆಗೆ ಬಂದ ಮೇಲೆ ಎಲ್ಲಾ ಟ್ಯಾಂಕೂ ಒಂದೇ ಥರ ಇದ್ವು ಅನಿಸುತ್ತದೆ.

ತೋಪು ಎಷ್ಟು ದೊಡ್ಡದು ಅನ್ನೋದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮನುಷ್ಯರನ್ನು ಹುಡುಕಿ. ಇದರೊಳಗೆ ಎಷ್ಟು ಮಂದಿ ಇದ್ದರು? ಯಾರು ಎಲ್ಲಿ ಕೂತಿದ್ದರು? ಅವರಿಗೆ ಹೊರಗಿನದು ಎಷ್ಟು ಕಾಣುತ್ತಿತ್ತು? ಬೆಂಕಿ ಹತ್ತಿದರೆ ಯಾವ ಕಡೆಯಿಂದ ಹೊರಗೆ ಬೀಳುತ್ತಿದ್ದರು? ಈ ನಾಲ್ಕು ಪ್ರಶ್ನೆ ಹಿಡಿದುಕೊಂಡು ಹೋದರೆ ಒಳಗೆ ಹತ್ತಲು ಬಿಡದಿದ್ದರೂ ಅರ್ಧ ಒಳಗನ್ನು ಹೊರಗಿನಿಂದಲೇ ತಿಳಿಯಬಹುದು. ನಮ್ಮಲ್ಲಿ ಬಹಳ ಕಡೆ ಹತ್ತಲು ಬಿಡುವುದೂ ಇಲ್ಲ. ಹಾಗಾಗಿ ಈ ಅಭ್ಯಾಸ ಬೇಕೇ ಬೇಕು.

ಶುರು ನಮ್ಮ ಕೋಟೆಯಿಂದಲೇ

ದುಡ್ಡು ಖರ್ಚಿಲ್ಲದ ಮೊದಲ ಪಾಠ ಊರಲ್ಲೇ ಇದೆ. ಕಲಬುರಗಿ ಕೋಟೆಯಲ್ಲಿ ಬಾರಾ ಗಜಿ ತೋಪು ಇದೆ, ಉದ್ದ 29 ಅಡಿ ಎನ್ನುತ್ತಾರೆ. ಬೀದರ್ ಕೋಟೆಯ ಬುರುಜುಗಳ ಮೇಲೂ ದೊಡ್ಡ ತೋಪುಗಳಿವೆ. ಬೀದರಿನ ತೋಪಿನ ಹತ್ತಿರ ಹೋಗಿ ಮೈಮೇಲೆ ಕಣ್ಣಾಡಿಸಿ. ಅದು ಒಂದೇ ಎರಕ ಅಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಬೆಸೆದು, ಮೇಲಿಂದ ಒಂದರ ಪಕ್ಕ ಒಂದು ಬಳೆ ಬಿಗಿದಿದ್ದಾರೆ. ಬಳೆಗಳ ಗೆರೆ ಕಣ್ಣಿಗೇ ಕಾಣುತ್ತದೆ. ಮದ್ದು ಸಿಡಿದಾಗ ನಳಿಗೆ ಒಡೆಯಬಾರದು ಅಂತ ಮಾಡಿದ ಕೆಲಸ ಅದು.

ಆಮೇಲೆ ಬುರುಜನ್ನು ನೋಡಿ. ದಖ್ಖನ್ನಿನ ಇಂಥ ದೊಡ್ಡ ತೋಪುಗಳ ಎರಡೂ ಪಕ್ಕಕ್ಕೆ ದಪ್ಪ ಕಬ್ಬಿಣದ ಗುಬುಟು ಇರುತ್ತದೆ. ಅದು ಕವೆಗೋಲಿನಂಥ ಕಬ್ಬಿಣದ ಮೇಲೆ ಕೂರುತ್ತದೆ. ಆ ಕವೆ ನೆಲದ ಕುಳಿಯಲ್ಲಿ ತಿರುಗುತ್ತದೆ. ಅಂದರೆ ತೋಪನ್ನು ಮೇಲೆ ಕೆಳಗೆ ಮಾಡಬಹುದು, ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಟ್ಯಾಂಕಿನ ಮೇಲ್ಭಾಗದ ಟರೆಟ್ ಮಾಡುವುದೂ ಇದೇ ಎರಡು ಕೆಲಸ. ತಿರುಗಿಸುವವನು ಎಲ್ಲಿ ನಿಂತಿರಬೇಕು, ಗುಂಡು ತುಂಬುವವನಿಗೆ ಜಾಗ ಎಲ್ಲಿ, ತೋಪು ಹಿಂದಕ್ಕೆ ಒದ್ದಾಗ ಆ ಪೆಟ್ಟು ಎಲ್ಲಿಗೆ ಹೋಗುತ್ತದೆ ಅಂತ ಬುರುಜಿನ ಮೇಲೆ ನಿಂತೇ ಲೆಕ್ಕ ಹಾಕಿ. ಇಲ್ಲಿ ಅರ್ಥವಾದದ್ದು ಮುಂದೆ ಟ್ಯಾಂಕಿನ ಹತ್ತಿರ ಬಹಳ ಉಪಯೋಗಕ್ಕೆ ಬರುತ್ತದೆ.

ಬೀದರಿನವರಿಗೆ ಇನ್ನೊಂದು ಆಕರ್ಷಣೆ ಗೊತ್ತೇ ಇದೆ: ವಾಯುಪಡೆ ನೆಲೆ. ಹಾಕ್ ತರಬೇತಿ ವಿಮಾನಗಳು ದಿನಾ ತಲೆ ಮೇಲೆ ಹಾರುತ್ತವೆ. ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಆದರೆ ಅದು ಕೆಲಸ ನಡೆಯುವ ಸೇನಾ ನೆಲೆ, ನೋಡಲು ಹೋಗುವ ಜಾಗ ಅಲ್ಲ. ಕಾಂಪೌಂಡ್ ಹತ್ತಿರ ಕ್ಯಾಮೆರಾ, ಡ್ರೋನ್ ತೆಗೆಯಲೇಬೇಡಿ. ಆಕಾಶ ನೋಡಿ ಸಂತೋಷಪಡಿ, ಅಷ್ಟು ಸಾಕು.

ಹುಮನಾಬಾದ್ ರಸ್ತೆ

ನಮ್ಮ ಭಾಗಕ್ಕೆ ಟ್ಯಾಂಕ್ ಹೊಸದೇನಲ್ಲ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ನಿಜಾಮನ ರಾಜ್ಯದೊಳಗೆ ಬಂತು. ನಳದುರ್ಗ, ಉಮರ್ಗಾ, ಬಸವಕಲ್ಯಾಣ ತಾಲೂಕಿನ ರಾಜೇಶ್ವರ, ಆಮೇಲೆ ಜಹೀರಾಬಾದ್ ಕಡೆ. ಇವತ್ತು ನಾವು ಬಸ್ಸಿನಲ್ಲಿ ಹೋಗುವ ಸೊಲ್ಲಾಪುರ–ಹೈದರಾಬಾದ್ ದಾರಿಯೇ ಅದು. ಸೆಪ್ಟೆಂಬರ್ 17ಕ್ಕೆ ಎಲ್ಲ ಮುಗಿಯಿತು. ಕಲ್ಯಾಣ ಕರ್ನಾಟಕದವರು ಆ ದಿನ ವಿಮೋಚನಾ ದಿನ ಆಚರಿಸುವುದು ಅದಕ್ಕೇ.

ಆ ಕಾರ್ಯಾಚರಣೆಯ ಮೊದಲ ದಿನ ಸೇನೆ ಬಹಳ ಚಿಂತೆ ಮಾಡಿದ್ದು ನಳದುರ್ಗದ ಬೋರಿ ನದಿ ಸೇತುವೆ ಬಗ್ಗೆ. ನಿಜಾಮನ ಕಡೆಯವರು ಅದನ್ನು ಉಡಾಯಿಸುವ ಮೊದಲೇ ಕೈವಶ ಮಾಡಿಕೊಂಡರು. ಯಾಕೆ ಅಂದರೆ, ಆಗ ಸೇನೆಯಲ್ಲಿದ್ದ ಶರ್ಮನ್ ಟ್ಯಾಂಕಿನ ತೂಕ ಸುಮಾರು 30 ಟನ್. ಸೇತುವೆ ಹೋದರೆ ಇಡೀ ಸಾಲು ನದಿ ದಂಡೆಯಲ್ಲಿ ನಿಲ್ಲಬೇಕು. ಇವತ್ತಿಗೂ ಸೇನೆಯ ವಾಹನಗಳ ಮುಂಭಾಗದಲ್ಲಿ ಹಳದಿ ವೃತ್ತದೊಳಗೆ ಒಂದು ಸಂಖ್ಯೆ ಇರುತ್ತದೆ. ಅದು ಯಾವ ದರ್ಜೆಯ ಸೇತುವೆ ಈ ಗಾಡಿಯನ್ನು ತಡೆದುಕೊಳ್ಳುತ್ತದೆ ಅಂತ ಹೇಳುವ ಗುರುತು. ಮುಂದಿನ ಸಲ ಹೆದ್ದಾರಿಯಲ್ಲಿ ಮಿಲಿಟರಿ ಲಾರಿಗಳ ಸಾಲು ಸಿಕ್ಕರೆ ಗಮನಿಸಿ. ನಂಬರ್ ಪ್ಲೇಟಿನಲ್ಲಿ ಮೇಲಕ್ಕೆ ಮುಖ ಮಾಡಿದ ಬಾಣ, ಅದರ ಪಕ್ಕ ವರ್ಷದ ಎರಡು ಅಂಕಿಯೂ ಕಾಣುತ್ತವೆ.

ಎಲ್ಲಿಗೆ ಹೋಗೋದು

ಟ್ಯಾಂಕ್ ನೋಡಲು ನಮಗೆ ಒಳ್ಳೆಯ ಜಾಗ ಅಹಮದ್‌ನಗರ, ಈಗಿನ ಹೆಸರು ಅಹಿಲ್ಯಾನಗರ. ಅಲ್ಲಿ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಟ್ಯಾಂಕ್ ಪಡೆಯ ತರಬೇತಿ ಕೇಂದ್ರದವರು 1994ರಲ್ಲಿ ಶುರು ಮಾಡಿದ್ದು. ರೋಲ್ಸ್ ರಾಯ್ಸ್ ಕವಚದ ಕಾರಿನಿಂದ ಹಿಡಿದು ವಿಜಯಂತದವರೆಗೆ ಸುಮಾರು ಐವತ್ತು ಗಾಡಿಗಳು ಬಯಲಿನಲ್ಲಿ ನಿಂತಿವೆ.

ಯಾದಗಿರಿ, ಕಲಬುರಗಿಯವರಿಗೆ ದಾರಿ ಸುಲಭ. ಕೆಕೆ ಎಕ್ಸ್‌ಪ್ರೆಸ್ (ಕರ್ನಾಟಕ ಎಕ್ಸ್‌ಪ್ರೆಸ್) ಸೊಲ್ಲಾಪುರ, ದೌಂಡ್ ಮೇಲೆ ಅದೇ ಊರು ದಾಟಿಕೊಂಡು ದಿಲ್ಲಿಗೆ ಹೋಗುತ್ತದೆ. ಬೀದರಿನವರು ರೈಲಿನಲ್ಲಿ ಕಲಬುರಗಿಗೆ ಬಂದು ಅಲ್ಲಿಂದ ಹಿಡಿಯಬಹುದು, ಇಲ್ಲಾ ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಬಹುದು. ಹೊರಡುವ ಮುಂಚೆ ಮ್ಯೂಸಿಯಂ ತೆರೆದಿದೆಯಾ, ಎಷ್ಟು ಹೊತ್ತಿನವರೆಗೆ ಅಂತ ವಿಚಾರಿಸಿ. ಸೇನೆಯ ಜಾಗ, ಅವರ ಕೆಲಸ ಇದ್ದಾಗ ಮುಚ್ಚಬಹುದು. ಆಧಾರ್ ಕಾರ್ಡ್ ಜೇಬಲ್ಲಿರಲಿ. ನವೆಂಬರಿನಿಂದ ಫೆಬ್ರುವರಿ ಒಳಗೆ ಹೋಗಿ. ಏಪ್ರಿಲ್‌ನಲ್ಲಿ ಬಯಲಿನ ಕಬ್ಬಿಣ ನೋಡುವ ಹುಚ್ಚು ಬೇಡ.

ಇನ್ನೊಂದು ದಾರಿ ಸೇನೆ ದೊಡ್ಡ ಊರುಗಳಲ್ಲಿ ನಡೆಸುವ ‘ನೋ ಯುವರ್ ಆರ್ಮಿ’ (ನಿಮ್ಮ ಸೇನೆಯನ್ನು ತಿಳಿಯಿರಿ) ಮೇಳ. ಜನವರಿ 15ರ ಸೇನಾ ದಿನದ ಆಸುಪಾಸು ಪತ್ರಿಕೆ ನೋಡುತ್ತಿರಿ. 2023ರಲ್ಲಿ ಸೇನಾ ದಿನದ ಪರೇಡ್ ಬೆಂಗಳೂರಿನಲ್ಲಿ, 2025ರಲ್ಲಿ ಪುಣೆಯಲ್ಲಿ ನಡೆಯಿತು. ಪುಣೆ ನಮಗೆ ಒಂದು ರಾತ್ರಿಯ ಪ್ರಯಾಣ. ಮ್ಯೂಸಿಯಂನಲ್ಲಿ ಹಳೆಯವು ಜಾಸ್ತಿ, ಮೇಳದಲ್ಲಿ ಈಗ ಓಡುತ್ತಿರುವವು. ಪಕ್ಕದಲ್ಲೇ ಅದನ್ನು ಓಡಿಸುವ ಜವಾನರೂ ನಿಂತಿರುತ್ತಾರೆ. ನನ್ನ ಕೇಳಿದರೆ ಎರಡನ್ನೂ ನೋಡಬೇಕು, ಆದರೆ ಮೊದಲು ಮ್ಯೂಸಿಯಂ. ಗದ್ದಲವಿಲ್ಲದೆ ಒಂದೊಂದರ ಸುತ್ತ ತಿರುಗಬಹುದು.

ಹೊರಗಿನ ಸುತ್ತು

ಎಲ್ಲವನ್ನೂ ನೋಡಲು ಹೋಗಬೇಡಿ. ಐದಾರು ಗಾಡಿ ಆರಿಸಿಕೊಳ್ಳಿ. ಶರ್ಮನ್, ಸೆಂಚುರಿಯನ್, ಪ್ಯಾಟನ್, ಟಿ-55, ಪಿಟಿ-76, ವಿಜಯಂತ. ಇಷ್ಟು ಸಾಕು. ಒಂದೊಂದಕ್ಕೂ ಎರಡು ಸುತ್ತು ಹಾಕಿ. ಮೊದಲ ಸುತ್ತು ದೂರದಿಂದ, ಎರಡನೆಯದು ಕೈಗೆಟಕುವಷ್ಟು ಹತ್ತಿರದಿಂದ.

ದೂರದಿಂದ ನೋಡುವಾಗ ಎತ್ತರ ಗಮನಿಸಿ. ಶರ್ಮನ್ ಸುಮಾರು 9 ಅಡಿ ಎತ್ತರ ನಿಲ್ಲುತ್ತದೆ. ಟಿ-55 ಅದಕ್ಕಿಂತ ಒಂದಡಿ ಕುಳ್ಳು. ಶರ್ಮನ್ ಯಾಕಷ್ಟು ಎತ್ತರ? ಅದರ ಮೊದಲ ಮಾದರಿಗಳಿಗೆ ಹಾಕಿದ್ದು ವಿಮಾನದ ದುಂಡನೆಯ ಇಂಜಿನ್. ಅದು ಹಿಂದೆ. ಗೇರ್ ಪೆಟ್ಟಿಗೆ ಮುಂದೆ. ಎರಡನ್ನೂ ಸೇರಿಸುವ ತಿರುಗುವ ಕಂಬಿ ಜವಾನರ ಕಾಲ ಕೆಳಗೆ ಹಾಯುತ್ತದೆ. ಕಂಬಿ ಮೇಲೆ ಮನುಷ್ಯ, ಮನುಷ್ಯನ ಮೇಲೆ ಟರೆಟ್. ಎತ್ತರ ಬೆಳೆಯದೆ ಇನ್ನೇನಾದೀತು?

ಇದನ್ನು ಹೊರಗಿನಿಂದ ಹಿಡಿಯುವ ಉಪಾಯ ಹಲ್ಲುಚಕ್ರ. ಸರಪಳಿ ಪಟ್ಟಿಯನ್ನು ಎಳೆಯುವ ಹಲ್ಲಿನ ಚಕ್ರ ಮುಂದಿದೆಯಾ ಹಿಂದಿದೆಯಾ ನೋಡಿ. ಎಲ್ಲಿದೆಯೋ ಅಲ್ಲಿ ಗೇರ್ ಪೆಟ್ಟಿಗೆ. ಶರ್ಮನ್ ಮುಂದೆ, ಸೆಂಚುರಿಯನ್ ಮತ್ತು ಟಿ-55 ಹಿಂದೆ.

ಈಗ ಟಿ-55 ಹತ್ತಿರ ಹೋಗೋಣ, ಇದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಪಕ್ಕದಿಂದ ಚಕ್ರ ಎಣಿಸಿ: ಐದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಉಳಿದವುಗಳಿಗಿಂತ ಜಾಸ್ತಿ ಸಂದಿ. ಬೋರ್ಡ್ ಇಲ್ಲದಿದ್ದರೂ ಈ ಸಂದಿ ನೋಡಿ ಗುರುತು ಹಿಡಿಯಬಹುದು. ಮುಂದಿನ ಇಳಿಜಾರು ತಗಡಿನ ಮೇಲೆ ಅಂಗೈ ಇಡಿ. ಆ ತಗಡಿನ ದಪ್ಪ 100 ಮಿಲಿಮೀಟರ್. ಆದರೆ ಅದು ನೆಟ್ಟಗಿಲ್ಲ, ಹಿಂದಕ್ಕೆ 60 ಡಿಗ್ರಿ ಮಲಗಿದೆ. ಎದುರಿನಿಂದ ನೇರ ಬರುವ ಗುಂಡಿಗೆ ಅದು 200 ಮಿಲಿಮೀಟರ್ ಆಗುತ್ತದೆ. ತೂಕ ಹೆಚ್ಚಿಸದೆ ದಪ್ಪ ಹೆಚ್ಚಿಸುವ ಲೆಕ್ಕ. ಅಲ್ಲೇ ಇರುವ ಹಳೆಯ ಬ್ರಿಟಿಷ್ ಟ್ಯಾಂಕುಗಳಾದ ಮಟಿಲ್ಡಾ ಅಥವಾ ಚರ್ಚಿಲ್‌ನ ನೆಟ್ಟಗಿನ ಗೋಡೆಗಳ ಜೊತೆ ಹೋಲಿಸಿದರೆ ಕೆಲವೇ ವರ್ಷಗಳಲ್ಲಿ ಎಷ್ಟು ಬದಲಾಯಿತು ಅನ್ನೋದು ಗೊತ್ತಾಗುತ್ತದೆ.

ನಳಿಗೆಯ ತುದಿಯಲ್ಲಿ ಒಂದು ದಪ್ಪ ಉಬ್ಬು ಇದೆ. ಗುಂಡು ಹಾರಿದ ಮೇಲೆ ನಳಿಗೆಯಲ್ಲಿ ಉಳಿದ ಹೊಗೆಯನ್ನು ಹೊರಕ್ಕೆ ಎಳೆಯುವ ಪಾತ್ರೆ ಅದು. ಇಲ್ಲದಿದ್ದರೆ ಗುಂಡು ತುಂಬಲು ತೋಪಿನ ಹಿಂಬದಿಯ ಬಾಗಿಲು ತೆರೆದ ಕೂಡಲೇ ಹೊಗೆ ಒಳಗೆ ಬಂದು ಜವಾನರ ಉಸಿರು ಕಟ್ಟುತ್ತದೆ. ಎಡ ಹಿಂಬದಿಗೆ ಹೋಗಿ. ಸರಪಳಿ ಮೇಲಿನ ತಗಡಿನ ಪಕ್ಕ ಸೈಲೆನ್ಸರ್ ಬಾಯಿ. ಬಿಸಿಯಾದ ಆ ಹೊಗೆ ದಾರಿಗೇ ಡೀಸೆಲ್ ಚಿಮುಕಿಸಿ ಬಿಳಿ ಹೊಗೆಯ ಪರದೆ ಎಬ್ಬಿಸಿ ಈ ಟ್ಯಾಂಕ್ ಅಡಗಿಕೊಳ್ಳುತ್ತಿತ್ತು. ಹಿಂದೆ ಒಂದು ಮರದ ದಿಮ್ಮಿ ಕಟ್ಟಿದ್ದರೆ ಅಲಂಕಾರ ಅಂದುಕೊಳ್ಳಬೇಡಿ. ಕೆಸರಲ್ಲಿ ಹೂತಾಗ ಅದನ್ನು ಸರಪಳಿಗೆ ಅಡ್ಡ ಕಟ್ಟಿ ಮೇಲೆ ಬರುತ್ತಾರೆ. ನಮ್ಮ ಎರೆ ಹೊಲದಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಯಾಟನ್ ಹತ್ತಿರ ಹೋದಾಗ ಮೈ ನೋಡಿ. ಎಂ-48 ಮಾದರಿಯ ಪ್ಯಾಟನ್ ಒಡಲು ದೋಣಿಯಂತೆ ದುಂಡಗೆ ಎರಕ ಹೊಯ್ದದ್ದು. 1965ರಲ್ಲಿ ಪಾಕಿಸ್ತಾನದ ಹತ್ತಿರ ಇದ್ದ ಬಹಳ ಬಲವಾದ ಟ್ಯಾಂಕ್ ಇದೇ. ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಇವು ನೀರು ಹಾಯಿಸಿದ ಹೊಲ, ಕಬ್ಬಿನ ಗದ್ದೆಗಳ ನಡುವೆ ಸಿಕ್ಕಿಬಿದ್ದವು. ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಅಬ್ದುಲ್ ಹಮೀದ್ ಇವುಗಳನ್ನು ಹೊಡೆದು ಪರಮವೀರ ಚಕ್ರ ಪಡೆದದ್ದು ಅಲ್ಲೇ. ಪ್ಯಾಟನ್ ಮೈಮೇಲೆ ತೂತು ಇದ್ದರೆ ಯಾವ ಪಕ್ಕಕ್ಕಿದೆ ನೋಡಿ. ಟ್ಯಾಂಕಿನ ಪಕ್ಕ ಮತ್ತು ಬೆನ್ನು ಮುಂಭಾಗದಷ್ಟು ದಪ್ಪ ಇರುವುದಿಲ್ಲ. ಹೊಡೆಯುವವರು ಕಾದು ಕೂರುವುದು ಅದಕ್ಕೇ.

ಪಿಟಿ-76ರ ಬೆನ್ನನ್ನು ತಪ್ಪಿಸಬೇಡಿ. ಹಿಂದೆ ಎರಡು ದುಂಡನೆಯ ಬಾಯಿ ಇವೆ. ಅಲ್ಲಿಂದ ನೀರು ಚಿಮ್ಮಿಸಿ ಈಜುವ ಟ್ಯಾಂಕ್ ಇದು. ಮುಂದೆ ಮಡಚಿದ ಹಲಗೆ ನೀರು ಮೇಲೆ ಏರದಂತೆ ತಡೆಯಲು. ತೇಲಬೇಕು ಅಂದರೆ ಹಗುರ ಇರಬೇಕು, ಹಗುರ ಇರಬೇಕು ಅಂದರೆ ಕವಚ ತೆಳ್ಳಗಿರಬೇಕು. ಸುಮಾರು 14 ಟನ್ ಅಷ್ಟೇ. 1971ರ ನವೆಂಬರಿನಲ್ಲಿ ಬಾಂಗ್ಲಾದ ಗರೀಬ್‌ಪುರದಲ್ಲಿ ಇವು ಪಾಕಿಸ್ತಾನದ ಚಾಫೀ ಟ್ಯಾಂಕುಗಳನ್ನು ಎದುರಿಸಿ ಗೆದ್ದವು. ಚಾಫೀ ಕೂಡ ಆ ಮ್ಯೂಸಿಯಂನಲ್ಲಿದೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ವಿಜಯಂತ ನಮ್ಮದು. ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸ, ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರು, 105 ಮಿಲಿಮೀಟರ್ ತೋಪು. ನೋಡಲು ಸೀದಾಸಾದಾ. ದೇಶದಲ್ಲಿ ಮಾಡಿದ ಮೊದಲ ಟ್ಯಾಂಕ್ ಅಂತ ಅದರ ಮುಂದೆ ಒಂದು ನಿಮಿಷ ಜಾಸ್ತಿ ನಿಲ್ಲಿ.

ಒಳಗೆ

ಒಳಗೆ ಇಳಿಯಲು ಅವಕಾಶ ಸಿಗುವುದು ಸಾಮಾನ್ಯವಾಗಿ ಮೇಳದಲ್ಲಿ. ಕೇಳದೆ ಹತ್ತಬೇಡಿ. ‘ಸರ್, ಒಳಗೆ ನೋಡಬಹುದಾ’ ಅಂತ ಹಿಂದಿಯಲ್ಲಿ ಒಂದು ಮಾತು ಕೇಳಿದರೆ ಸಾಕು. ಜವಾನರು ತಮ್ಮ ಗಾಡಿ ತೋರಿಸಲು ಬಹಳ ಖುಷಿ ಪಡುತ್ತಾರೆ. ನಮ್ಮ ಕಡೆಯ ದಖ್ಖನಿ ಹಿಂದಿ ಕೇಳಿ ಒಮ್ಮೆ ನಕ್ಕರೂ ನಕ್ಕಾರು.

ಹತ್ತುವಾಗ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಗಾಡಿ ಮೇಲಿರಲಿ. ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿ. ಸೀರೆ, ದುಪಟ್ಟಾ, ಕೊರಳಿನ ಐಡಿ ಕಾರ್ಡ್ ಸಿಕ್ಕಿಕೊಳ್ಳುತ್ತವೆ. ಉಂಗುರ ತೆಗೆದಿಡಿ. ಮೇಲಿನ ಮುಚ್ಚಳದ ಬಾಗಿಲು ಬಹಳ ಭಾರ. ಅದಕ್ಕೆ ಕೊಂಡಿ ಹಾಕಿದೆಯಾ ಅಂತ ನೋಡಿಯೇ ಅಂಚಿನ ಮೇಲೆ ಕೈ ಇಡಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಇಳಿಯುವಾಗ ಮೇಲಿಂದ ಜಿಗಿಯಬೇಡಿ, ಮೊಣಕಾಲು ಹೋಗುತ್ತದೆ.

ಒಳಗೆ ಕೂತ ಮೇಲೆ ಫೋಟೊ ತೆಗೆಯುವ ಮುಂಚೆ ಸುಮ್ನೆ ಒಂದು ನಿಮಿಷ ಕೂರಿ. ತೋಪಿನ ಹಿಂಭಾಗ ಎಷ್ಟು ಜಾಗ ತಿನ್ನುತ್ತದೆ ನೋಡಿ. ಗುಂಡು ಹಾರಿದಾಗ ಆ ಇಡೀ ಕಬ್ಬಿಣದ ಗಡ್ಡೆ ಹಿಂದಕ್ಕೆ ನುಗ್ಗುತ್ತದೆ. ಮೊಣಕೈ ಅಲ್ಲಿದ್ದರೆ ಮುಗಿಯಿತು. ಅದಕ್ಕೇ ಪಕ್ಕದಲ್ಲಿ ತಡೆ ಕಂಬಿ. ಟಿ-55ರಲ್ಲಿ ನಾಲ್ವರು. ತೋಪಿನ ಎಡಕ್ಕೆ ಗುರಿ ಹಿಡಿಯುವವನು, ಅವನ ಬೆನ್ನ ಹಿಂದೆ ಕಮಾಂಡರ್, ಬಲಕ್ಕೆ ಗುಂಡು ತುಂಬುವವನು, ಕೆಳಗೆ ಮುಂದೆ ಎಡಕ್ಕೆ ಡ್ರೈವರ್. ಗುರಿಕಾರ ಹೊರಗೆ ಬರಬೇಕಾದರೆ ಹಿಂದಿನ ಕಮಾಂಡರ್ ಮೊದಲು ಹೋಗಬೇಕು. ನಾಲ್ಕನೇ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ?

ಡ್ರೈವರ್ ಸೀಟಿನಲ್ಲಿ ಸ್ಟಿಯರಿಂಗ್ ಹುಡುಕಬೇಡಿ, ಎರಡು ಸನ್ನೆಕೋಲು ಇವೆ. ಎಡದ್ದನ್ನು ಎಳೆದರೆ ಎಡ ಸರಪಳಿ ನಿಧಾನ, ಗಾಡಿ ಎಡಕ್ಕೆ. ಹೊಲದ ಅಂಚಿನಲ್ಲಿ ಟ್ರ್ಯಾಕ್ಟರಿನ ಒಂದೇ ಕಡೆ ಬ್ರೇಕ್ ಒತ್ತಿ ಗರಕ್ಕನೆ ತಿರುಗಿಸುತ್ತೇವಲ್ಲ, ಅದೇ ಲೆಕ್ಕ. ಮುಚ್ಚಳ ಹಾಕಿದರೆ ಡ್ರೈವರಿಗೆ ಕಾಣೋದು ಎರಡು ಸಣ್ಣ ಗಾಜಿನ ಕಿಂಡಿಯಲ್ಲಿ ಬಂದಷ್ಟು. ನಮ್ಮ ಓಣಿಯ ನಿವೃತ್ತ ಫೌಜಿ ಕಾಕಾ ಟ್ಯಾಂಕ್ ಓಡಿಸಿದವರು. ‘ರಸ್ತಾ ಎಲ್ಲಿ ಕಾಣ್ತದೋ? ಕಮಾಂಡರ್ ಕಿವ್ಯಾಗ ಹೇಳ್ತಾನ, ನಾವ್ ತಿರುಗಸ್ತೀವಿ. ಕಣ್ಣ ಅವಂದು, ಕೈ ನಮ್ದು’ ಅಂತಾರೆ. ನಿಮ್ಮ ಊರಲ್ಲೂ ಇಂಥ ಕಾಕಾ ಒಬ್ಬರು ಇದ್ದೇ ಇರುತ್ತಾರೆ. ಹೋಗುವ ಮುಂಚೆ ಅವರ ಹತ್ತಿರ ಒಂದು ಚಹಾ ಕುಡಿದು ಬನ್ನಿ. ಆಗುವುದಾದರೆ ಜೊತೆಗೇ ಕರೆದುಕೊಂಡು ಹೋಗಿ.

ಗುಂಡಿ, ಹಿಡಿಕೆ ಒತ್ತಬೇಡಿ, ತಿರುಗಿಸಬೇಡಿ. ಹಳೆಯ ಗಾಡಿಗಳ ಕತ್ತಲಲ್ಲಿ ಹೊಳೆಯುವ ಮೀಟರುಗಳಲ್ಲಿ ರೇಡಿಯಂ ಇರುವ ಸಾಧ್ಯತೆ ಇದೆ. ಗಾಜು ಒಡೆದಿದ್ದರೆ ಮುಟ್ಟಬೇಡಿ, ಕೆರೆಯಬೇಡಿ. ನೆನಪಿಗೆ ಅಂತ ಸ್ಕ್ರೂ ಬಿಚ್ಚುವವರನ್ನು ಕಂಡರೆ ಅಲ್ಲೇ ಬೈಯಿರಿ.

ಈಗಿನ ಗಾಡಿಗಳು

ಹಳೆಯದನ್ನು ನೋಡಿ ಬಂದವರಿಗೆ ಹೊಸದು ತಾನಾಗಿ ಅರ್ಥವಾಗುತ್ತದೆ. ಟಿ-72 ಅಜೇಯದಲ್ಲಿ ಮೂವರೇ. ಗುಂಡು ತುಂಬುವವನ ಜಾಗಕ್ಕೆ ಯಂತ್ರ ಬಂದಿದೆ. ಕಾಲ ಕೆಳಗೆ ದುಂಡಗಿನ ತಟ್ಟೆಯಲ್ಲಿ 22 ಗುಂಡು ತಿರುಗುತ್ತವೆ. ಒಬ್ಬ ಕಡಿಮೆಯಾದದ್ದಕ್ಕೆ ಟ್ಯಾಂಕ್ ಇನ್ನೂ ಕುಳ್ಳಾಯಿತು. ಆದರೆ ಮದ್ದಿನ ಮೇಲೇ ಕೂತ ಹಾಗಾಯಿತು. ಅರ್ಜುನ್ ಮಾಡಿದವರು ನಾಲ್ಕನೆಯವನನ್ನು ಉಳಿಸಿಕೊಂಡರು, 120 ಮಿಲಿಮೀಟರ್ ತೋಪು ಹಾಕಿದರು, ತೂಕ 58 ಟನ್ ದಾಟಿತು. ಎರಡೂ ಅಕ್ಕಪಕ್ಕ ನಿಂತಿದ್ದರೆ ಈ ವಾದ ಕಣ್ಣೆದುರೇ ಇರುತ್ತದೆ. ಟರೆಟ್ ಮೇಲೆ ಇಟ್ಟಿಗೆ ಜೋಡಿಸಿದಂತೆ ಡಬ್ಬಿಗಳಿದ್ದರೆ ಅವು ಸಿಡಿಯುವ ಕವಚ. ಗುಂಡು ಬಡಿದಾಗ ಡಬ್ಬಿ ತಾನೇ ಹೊರಕ್ಕೆ ಸಿಡಿದು ಅದರ ಬಲ ಮುರಿಯುತ್ತದೆ.

ನನಗೆ ಟ್ಯಾಂಕಿಗಿಂತ ಕಾಲಾಳುಗಳನ್ನು ಹೊತ್ತೊಯ್ಯುವ ಕವಚದ ಗಾಡಿ ಬಿಎಂಪಿ-2 ಸರಥ್ ಇಷ್ಟ. ಇದು ನಮ್ಮ ನೆರೆಯಲ್ಲೇ ತಯಾರಾಗುತ್ತದೆ. ಜಹೀರಾಬಾದ್ ದಾಟಿ ಹೈದರಾಬಾದ್ ಕಡೆ ಹೋದರೆ ಸಂಗಾರೆಡ್ಡಿ ಜಿಲ್ಲೆಯ ಯೆದ್ದುಮೈಲಾರಂನಲ್ಲಿ ಮೇದಕ್ ಆರ್ಡನೆನ್ಸ್ ಫ್ಯಾಕ್ಟರಿ ಇದೆ. ಕಾರ್ಖಾನೆ ಒಳಗೆ ನಮ್ಮಂಥವರಿಗೆ ಪ್ರವೇಶ ಇಲ್ಲ, ಗಾಡಿ ಮಾತ್ರ ಮೇಳಗಳಿಗೆ ಬರುತ್ತದೆ. ಇದರ ಇಂಜಿನ್ ಮುಂದೆ ಇದೆ, ಹಾಗಾಗಿ ಬೆನ್ನಿಗೆ ಎರಡು ಬಾಗಿಲು ಇಡಲು ಜಾಗ ಸಿಕ್ಕಿತು. ಮೂವರು ಗಾಡಿ ನಡೆಸುವವರು, ಏಳು ಮಂದಿ ಕಾಲಾಳುಗಳು. ಹಿಂದಿನ ಆರು ಜನ ಬೆನ್ನಿಗೆ ಬೆನ್ನು ಕೊಟ್ಟು ಹೊರಗೆ ಮುಖ ಮಾಡಿ ಕೂರುತ್ತಾರೆ. ಪ್ರತಿಯೊಬ್ಬನ ಮುಂದೂ ಬಂದೂಕು ಚಾಚುವ ಕಿಂಡಿ. ಒಂದು ಸಲ ಕೂತು ನೋಡಿ. ಮೊಣಕಾಲು ಗೋಡೆಗೆ ತಾಗುತ್ತದೆ. ಆ ಹಿಂಬಾಗಿಲನ್ನು ತಟ್ಟಿ ನೋಡಿ. ಅದರ ಹೊಟ್ಟೆ ಟೊಳ್ಳು, ಅದರೊಳಗೂ ಡೀಸೆಲ್ ತುಂಬುತ್ತಾರೆ.

ಲಾರಿಗಳನ್ನು ಬಿಟ್ಟು ಬರಬೇಡಿ. ಟಾಟ್ರಾ ಸಿಕ್ಕರೆ ಬಗ್ಗಿ ಅಡಿ ನೋಡಿ. ಎರಡು ಉದ್ದ ಚಾಸಿಸ್ ಕಂಬಿಗಳ ಬದಲು ನಡುವೆ ಒಂದೇ ದಪ್ಪ ಕೊಳವೆ. ಅದರಿಂದ ಚಕ್ರದ ಅಚ್ಚುಗಳು ಎಡಬಲಕ್ಕೆ ಬೇರೆ ಬೇರೆಯಾಗಿ ಆಡುತ್ತವೆ. ಹಳೆಯ ಜೋಂಗಾ ಜೀಪುಗಳು, ಶಕ್ತಿಮಾನ್ ಲಾರಿಗಳು ಜಬಲ್ಪುರದಲ್ಲಿ ತಯಾರಾದವು.

ಒಳಗೆ ಹೋಗಲೇಬೇಕು ಅನ್ನುವವರಿಗೆ

ಮೇಳ ಸಿಗಲಿಲ್ಲ, ಮ್ಯೂಸಿಯಂನಲ್ಲಿ ಹತ್ತಲು ಬಿಡಲಿಲ್ಲ ಅಂತ ಬೇಜಾರಾದರೆ ವಿಶಾಖಪಟ್ಟಣಕ್ಕೆ ಹೋಗಿ. ಕೋಣಾರ್ಕ್ ಎಕ್ಸ್‌ಪ್ರೆಸ್ ಕಲಬುರಗಿ ಮೇಲೇ ಹೋಗುತ್ತದೆ. ಅಲ್ಲಿ ಆರ್‌ಕೆ ಬೀಚಿನ ದಂಡೆಯಲ್ಲಿ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯನ್ನು ಮರಳಿಗೆ ಎಳೆದು ತಂದು 2002ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಗೆ ಬರಬಹುದು. ಎದುರಿಗೇ ಟಿಯು-142 ವಿಮಾನವೂ ಇದೆ, ಅದರೊಳಗೂ ಬಿಡುತ್ತಾರೆ. ರಾಜ್ಯದೊಳಗೇ ಇರಲಿ ಅಂದರೆ ಕಾರವಾರದ ಕಡಲ ತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆ. ದೂರ ಜಾಸ್ತಿ, ಜಾಗ ಚಂದ.

ಕುರ್ಸುರಾದ ಒಳಗೆ ದಾರಿ ಸಪೂರ, ಜನ ಸಾಲಾಗಿ ನಡೆಯುತ್ತಾರೆ, ಹಿಂದಿನವರು ತಳ್ಳುತ್ತಿರುತ್ತಾರೆ. ಬೆಳಗಿನ ಟಿಕೆಟ್ ತೆಗೆದುಕೊಳ್ಳಿ, ರಜೆ ಯಾವ ದಿನ ಅಂತ ಮೊದಲೇ ಕೇಳಿಕೊಳ್ಳಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದುಂಡನೆಯ ಬಾಗಿಲಲ್ಲಿ ಮೊದಲು ಕಾಲು, ಆಮೇಲೆ ಬಗ್ಗಿಸಿದ ತಲೆ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು, ದೊಡ್ಡ ಮೈಯವರು, ಕಂಕುಳ ಕೂಸು ಇರುವವರು ಹೊರಗೇ ನಿಂತು ಹಿಂಬದಿಯ ಪಂಖಗಳನ್ನು ನೋಡಿ ಬರುವುದು ಒಳ್ಳೆಯದು.